ಜರ್ಮನಿಯಿಂದ ನೆದರ್ಲ್ಯಾಂಡ್ಸ್‌ಗೆ ಹೊರಟರೆ ಕಂಪನಿ ಪೆನ್ಷನ್ ಕಥೆ ಏನು? ಅನುಭವ ಇರುವವರು ಹೇಳಿ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಸ್ಟುಟ್‌ಗಾರ್ಟ್‌ನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಎಂಟು ತಿಂಗಳಾಯಿತು. ಈಗ ಐಂಡ್‌ಹೋವನ್‌ನಿಂದ ಆಫರ್ ಬಂದಿದೆ. ಇಲ್ಲಿ ಕಂಪನಿಯೂ ಪೆನ್ಷನ್‌ಗೆ ದುಡ್ಡು ಕಟ್ಟುತ್ತದೆ, ನನ್ನ ಸಂಬಳದಿಂದಲೂ ಒಂದಿಷ್ಟು ಹೋಗುತ್ತದೆ. ಊರಲ್ಲಿ ಪಿಎಫ್ ವರ್ಗ ಮಾಡಿಸಿದ ಹಾಗೆ ಇದನ್ನೂ ಹೊಸ ಕಡೆಗೆ ಮಾಡಿಸಬಹುದಾ?

ಮ್ಯೂನಿಕ್‌ನಿಂದ ಯೂಟ್ರೆಕ್ಟ್‌ಗೆ ಬಂದವನು:
ದಯವಿಟ್ಟು ಇನ್ನೂ ರಾಜೀನಾಮೆ ಕೊಡಬೇಡಿ. ನಾನು 2021ರಲ್ಲಿ ಎರಡು ವರ್ಷ ಹತ್ತು ತಿಂಗಳಿಗೆ ಕೆಲಸ ಬಿಟ್ಟೆ. ಕಂಪನಿ ತನ್ನ ಕೈಯಿಂದ ಕಟ್ಟಿದ್ದಷ್ಟೂ ಹೋಯಿತು. ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತಿಗೂ ಅದು ನೆನಪಾದರೆ ಬೇಜಾರು.

ನಿಯಮ ಇಷ್ಟೇ. ಕಂಪನಿ ಕಟ್ಟಿದ ಭಾಗ ನಿಮ್ಮದಾಗಬೇಕಾದರೆ ಜರ್ಮನಿಯಲ್ಲಿ ಮೂರು ವರ್ಷ ಆಗಿರಬೇಕು, ಕೆಲಸ ಬಿಡುವಾಗ ವಯಸ್ಸು 21 ದಾಟಿರಬೇಕು. 2018ಕ್ಕೆ ಮೊದಲು ಇದು ಐದು ವರ್ಷ ಇತ್ತು, 2014ರ ಯುರೋಪಿಯನ್ ಒಕ್ಕೂಟದ ನಿರ್ದೇಶನದಿಂದಾಗಿ ಮೂರಕ್ಕೆ ಇಳಿಯಿತು. ಆದರೆ ಎಣಿಸುವುದು ಕೆಲಸಕ್ಕೆ ಸೇರಿದ ದಿನದಿಂದಲ್ಲ, ಪೆನ್ಷನ್ ಕೊಡುತ್ತೇವೆ ಅಂತ ಕಂಪನಿ ಮಾತು ಕೊಟ್ಟ ದಿನದಿಂದ. ಆ ತಾರೀಖು ಎಚ್‌ಆರ್ ಹತ್ತಿರ ಬರಹದಲ್ಲೇ ಕೇಳಿ. ಕೆಲಸ ಬಿಟ್ಟರೆ ಪೆನ್ಷನ್ ಏನಾಗುತ್ತದೆ ಅಂತ ತಿಳಿದುಕೊಳ್ಳುವ ಹಕ್ಕನ್ನೂ ಅದೇ ನಿರ್ದೇಶನ ಕೊಟ್ಟಿದೆ, ಹಾಗಾಗಿ ಸಂಕೋಚ ಬೇಡ. ನಿಮ್ಮ ಸಂಬಳದಿಂದ ಹೋದ ಭಾಗದ ಬಗ್ಗೆ ಚಿಂತೆ ಬೇಡ, ಅದು ಮೊದಲ ದಿನದಿಂದಲೇ ನಿಮ್ಮದು.

ವರ್ಗ ಮಾಡಿಸುವುದನ್ನು ಮಾತ್ರ ನೆಚ್ಚಿಕೊಳ್ಳಬೇಡಿ. 2005ರಲ್ಲಿ ಯುರೋಪಿಯನ್ ಕಮಿಷನ್ ಆ ನಿರ್ದೇಶನದ ಮೊದಲ ಕರಡು ತಂದಾಗ ವರ್ಗಾವಣೆಯ ಹಕ್ಕೂ ಅದರಲ್ಲಿತ್ತು. ಸದಸ್ಯ ದೇಶಗಳು ಒಪ್ಪಲಿಲ್ಲ, ಕೊನೆಗೆ ಕೈಬಿಟ್ಟರು. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಓಡಾಡುವ ನಮ್ಮಂಥವರಿಗೆ ಮುಖ್ಯವಾಗಿ ಬೇಕಿದ್ದದ್ದೇ ಅದು, ಅಲ್ವಾ? ನನ್ನ ಸಂಬಳದಿಂದ ಹೋದ ದುಡ್ಡು ಈಗಲೂ ಜರ್ಮನಿಯಲ್ಲೇ ಇದೆ. ವಯಸ್ಸಾದ ಮೇಲೆ ಅದು ಅಲ್ಲಿಂದ, ಇಲ್ಲಿಯದು ಇಲ್ಲಿಂದ ಬರುತ್ತದೆ.

ಸರ್ಕಾರಿ ಪೆನ್ಷನ್ ಬಗ್ಗೆ ಹೆದರಿಕೆ ಬೇಡ. ಜರ್ಮನಿಯಲ್ಲಿ ಅದಕ್ಕೆ ಕನಿಷ್ಠ ಐದು ವರ್ಷ ಬೇಕು. ನಿಮ್ಮದು ಅಷ್ಟಾಗಿಲ್ಲ, ಆದರೆ ನೆದರ್ಲ್ಯಾಂಡ್ಸ್‌ನ ವರ್ಷಗಳೂ ಆ ಲೆಕ್ಕಕ್ಕೆ ಸೇರುತ್ತವೆ.

ರಾಟರ್‌ಡ್ಯಾಮ್‌ನಿಂದ:
ಇಲ್ಲಿಗೆ ಬಂದ ಮೇಲೆ ಡಿಜಿಡಿ (ಡಚ್ ಸರ್ಕಾರಿ ವೆಬ್‌ಸೈಟ್‌ಗಳಿಗೆ ಬಳಸುವ ಲಾಗಿನ್) ಮಾಡಿಸಿಕೊಂಡು 'ಮೈನ್ ಪೆನ್ಸಿಯೂನ್‌ಓವರ್‌ಜಿಖ್ಟ್' ಅನ್ನೋ ವೆಬ್‌ಸೈಟ್ ನೋಡಿ. ಡಚ್ ಸರ್ಕಾರಿ ಪೆನ್ಷನ್, ಕಂಪನಿ ಪೆನ್ಷನ್ ಎಲ್ಲಾ ಒಂದೇ ಕಡೆ ಕಾಣುತ್ತವೆ. ಸರ್ಕಾರಿಯದ್ದು ಇಲ್ಲಿ ಇದ್ದ ಪ್ರತಿ ವರ್ಷಕ್ಕೆ ಪೂರ್ತಿ ಪೆನ್ಷನ್‌ನ 2% ಲೆಕ್ಕದಲ್ಲಿ ಕೂಡುತ್ತಾ ಹೋಗುತ್ತದೆ. ಇನ್ನೊಂದು ವಿಷಯ. 2023ರ ಜುಲೈನಿಂದ ಹೊಸ ಪೆನ್ಷನ್ ಕಾನೂನು ಬಂದಿದೆ, 2028ರ ಜನವರಿ 1ರೊಳಗೆ ಎಲ್ಲಾ ಯೋಜನೆಗಳೂ ಅದಕ್ಕೆ ಬದಲಾಗಬೇಕು. ಆಫರ್‌ಗೆ ಸಹಿ ಹಾಕುವ ಮುಂಚೆ ಹಳೆಯ ಯೋಜನೆಯೋ ಹೊಸದೋ, ಕಂಪನಿ ಎಷ್ಟು ಕಟ್ಟುತ್ತದೆ ಅಂತ ಕೇಳಿ. ಸಂಬಳ ಜಾಸ್ತಿ ಅಂತ ಸುಮ್ನೆ ಒಪ್ಪಬೇಡಿ.

ಲಂಡನ್‌ನಿಂದ:
ನಾನು ಇಲ್ಲಿ ಮೂರು ಕಂಪನಿ ಬದಲಿಸಿದೆ, ಮೂರು ಪೆನ್ಷನ್ ಖಾತೆ ಆಯಿತು. ಮನೆ ಬದಲಿಸಿದಾಗ ವಿಳಾಸ ತಿಳಿಸಲಿಲ್ಲ, ಒಂದರ ಕಾಗದ ಬರುವುದೇ ನಿಂತುಹೋಯಿತು. ಸರ್ಕಾರದ 'ಪೆನ್ಷನ್ ಟ್ರೇಸಿಂಗ್ ಸರ್ವಿಸ್' ಮೂಲಕ ಹುಡುಕಿದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ನೀವು ಜರ್ಮನಿ ಬಿಡುವಾಗ ಆಫೀಸ್ ಈಮೇಲ್ ಬದಲು ಸ್ವಂತ ಈಮೇಲ್ ಕೊಟ್ಟು ಬನ್ನಿ.

ಪ್ರಶ್ನೆ ಕೇಳಿದವಳು:
ತುಂಬಾ ಥ್ಯಾಂಕ್ಸ್. ಇವತ್ತೇ ಎಚ್‌ಆರ್ ಹತ್ತಿರ ಕೇಳಿದೆ. ಪೆನ್ಷನ್ ತಾರೀಖು ನಾನು ಸೇರಿದ ದಿನದ್ದೇ. ಅಂದರೆ ಇನ್ನು ನಾಲ್ಕು ತಿಂಗಳು. ನೋಟಿಸ್ ಪೀರಿಯಡ್ ಹೇಗೂ ಮೂರು ತಿಂಗಳಿದೆ, ಐಂಡ್‌ಹೋವನ್‌ನವರ ಹತ್ತಿರ ಇನ್ನೊಂದು ತಿಂಗಳು ಕೇಳುತ್ತೇನೆ.