ಬ್ಯಾನ್‌ಶೀಗೆ ಸಮನ್ಸ್ ಕೊಡೋದು ಯಾರು?

"ನಾಯಕ ಒಬ್ಬ ಗಾರ್ಡಾ, ಅಂದ್ರೆ ಐರಿಷ್ ಪೊಲೀಸ್, ಇನ್‌ಸ್ಪೆಕ್ಟರ್. ಜಾಗ ಕೌಂಟಿ ಕ್ಲೇರ್. ಒಂದೇ ವಾರದಲ್ಲಿ ಮೂರು ಹೆಣ. ಪ್ರತಿ ಹೆಣ ಬೀಳೋ ಹಿಂದಿನ ರಾತ್ರಿ ಬ್ಯಾನ್‌ಶೀ, ಅದೇ ಐರಿಷ್ ಜಾನಪದದ ದೆವ್ವದ ಹೆಂಗಸು, ಅಳ್ತಾಳೆ," ಅಂತ ಸೀನ ಸಜ್ಜಿಗೆ ತಟ್ಟೆ ಪಕ್ಕಕ್ಕೆ ಸರಿಸಿ ತನ್ನ ಪತ್ತೇದಾರಿ ಕಾದಂಬರಿಯ ಕತೆ ಘೋಷಿಸಿದ.

"ಕೊಂದಾಂವ ಯಾರು?" ಬಸೂ ಕೇಳಿದ.

"ಅದೇ ಸಸ್ಪೆನ್ಸ್."

"ನಿನಗರ ಗೊತ್ತೈತಿಲ್ಲೋ?"

"ಕಡೇ ಅಧ್ಯಾಯಕ್ಕೆ ಬಂದಾಗ ನೋಡ್ಕೊಂಡ್ರಾಯ್ತು."

ಡಬ್ಲಿನ್‌ನಲ್ಲಿ ಮಳೆ ಹಿಡಿದ ಭಾನುವಾರ ನಾವು ನಾಲ್ವರು ವಿನುತಕ್ಕನ ಅಡುಗೆಮನೆಯಲ್ಲಿ ಸೇರುತ್ತೇವೆ. ಅಂದರೆ ಹೆಚ್ಚುಕಮ್ಮಿ ಎಲ್ಲಾ ಭಾನುವಾರ. ಸೀನ ಹಗಲು ಸಾಫ್ಟ್‌ವೇರ್ ಟೆಸ್ಟರ್, ರಾತ್ರಿ ಕಾದಂಬರಿಕಾರ. ಇಲ್ಲಿಯವರೆಗೆ ಪೂರ್ತಿಯಾಗಿರುವುದು ಅರ್ಪಣೆಯ ಪುಟ ಮಾತ್ರ. ಬಸೂ ಧಾರವಾಡದಲ್ಲಿ ಕಾನೂನು ಓದಿ ಬಂದವನು, ದೆವ್ವಕ್ಕೂ ವಕಾಲತ್ತು ನಾಮೆ ಕೇಳುವ ಪೈಕಿ. ವಿನುತಕ್ಕ ನರ್ಸು, ಉಡುಪಿ ಕಡೆಯವರು. ನಾನು ಕೇಳುಗ, ಮಧ್ಯೆ ಬಾಯಿ ಹಾಕುವುದು ನನ್ನ ಕೆಟ್ಟ ಚಾಳಿ.

"ನೋಡಪಾ, ಸಾವಿಗಿಂತ ಮೊದಲ ಆಕಿ ಅತ್ತಾಳಂದ್ರ ಆಕಿಗೆ ಎಲ್ಲಾ ಗೊತ್ತಿತ್ತು ಅಂತಾತು. ಗೊತ್ತಿದ್ದೂ ಪೊಲೀಸರಿಗೆ ಹೇಳಲಿಲ್ಲ. ಮೊದಲ ಆಕಿನ್ನ ಹಿಡಕೊಂಡು ಬಾ," ಅಂದ ಬಸೂ.

"ಅವಳು ಕೊಲೆಗಾರ್ತಿ ಅಲ್ಲ ಕಣೋ, ಸಾವಿನ ಸುದ್ದಿ ತರೋಳು. ಅದೂ ಎಲ್ಲರಿಗೂ ಅಳಲ್ಲ. ಓ'ಬ್ರಯನ್, ಓ'ನೀಲ್, ಮ್ಯಾಕ್ ಇಂಥವರು ಅಂತ ಹಳೇ ಮನೆತನಗಳಿಗೆ ಮಾತ್ರ."

"ಹಂಗಾದ್ರ ಬಸವರಾಜ ಪಾಟೀಲ ಸತ್ತರ?"

"ನಿನಗೆ ವಾಟ್ಸಾಪ್ ಗ್ರೂಪಲ್ಲಿ 'ಓಂ ಶಾಂತಿ'. ಅಷ್ಟೇ."

ವಿನುತಕ್ಕ ಸೌಟು ಹಿಡಿದೇ ತಿರುಗಿದರು. "ಒಂದು ನಿಮಿಷ ಮಾರಾಯ. ನಿನ್ನ ಮೂರನೇ ಹೆಣ ಯಾರದ್ದು?"

"ಪೋಲೆಂಡಿಂದ ಬಂದ ಪ್ಲಂಬರ್."

"ಅವನಿಗೆಂತಕ್ಕೆ ಬ್ಯಾನ್‌ಶೀ ಅತ್ತದ್ದು? ಅವಳ ಲಿಸ್ಟಲ್ಲಿ ಅವನ ಮನೆತನವೇ ಇಲ್ಲ. ಹಾಗಾದ್ರೆ ಆ ರಾತ್ರಿ ಅತ್ತದ್ದು ಬ್ಯಾನ್‌ಶೀ ಅಲ್ಲ. ಜನ ಹೆದರಿ ಕದ ಹಾಕಿಕೊಳ್ಳಲಿ ಅಂತ ಯಾರೋ ಕೂಗಿದ್ದು. ಕೂಗಿದವನೇ ಕಳ್ಳ."

ಸೀನ ಬಾಯಿ ತೆರೆದ, ಮುಚ್ಚಿದ, ಆಮೇಲೆ ಫೋನು ತೆಗೆದು ಟೈಪ್ ಮಾಡತೊಡಗಿದ. ಅವನ ಕಾದಂಬರಿಯ ಮೊದಲ ಸುಳಿವು ಹುಟ್ಟಿದ್ದು ಹೀಗೆ, ಬೇರೆಯವರ ಅಡುಗೆಮನೆಯಲ್ಲಿ.

ಇದು ನನಗೂ ಹಿಡಿಸಿತು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ ಪತ್ತೇದಾರಿ ಕತೆಗೆ ಹತ್ತು ಕಟ್ಟಳೆ ಬರೆದ. ಎರಡನೆಯದೇ ಇದು: ಅಲೌಕಿಕದ್ದು ಏನೂ ಒಳಗೆ ಬರಕೂಡದು. ಪಾದ್ರಿಯೇ ಬಾಗಿಲು ಹಾಕಿದ ಮೇಲೆ ದೆವ್ವ ಎಲ್ಲಿಗೆ ಹೋಗಬೇಕು? ಅವನ ಭಯಕ್ಕೆ ಕಾರಣ ಇತ್ತು. ದೆವ್ವ ಬಂತೆಂದರೆ ಲೇಖಕ ಎಲ್ಲಿ ಬೇಕಾದರೂ ಮೋಸ ಮಾಡಬಹುದು: ಬೀಗ ಹಾಕಿದ ಕೋಣೆ, ಒಳಗೆ ಹೆಣ, ಗೋಡೆ ದಾಟಿ ಬಂತು, ಮುಗೀತು. ಆದರೆ ಐರ್ಲೆಂಡಿನ ಫೇರಿಗಳು, ಅಂದರೆ ಬ್ಯಾನ್‌ಶೀಯಂಥ ಜಾನಪದದ ಅಲೌಕಿಕ ಜನ, ಹಾಗೆ ಮನಸ್ಸಿಗೆ ಬಂದಂತೆ ಓಡಾಡುವವರಲ್ಲ. ಕಬ್ಬಿಣ ಕಂಡರೆ ಆಗದು. ಅವರ ಊಟ ಉಂಡವರು ವಾಪಸ್ ಬರುವಂತಿಲ್ಲ. ಅವರ ನಿಯಮ ಬಸೂನ ಕರಾರು ಪತ್ರಗಳಿಗಿಂತ ಬಿಗಿ. ಆ ನಿಯಮ ಬಲ್ಲ ಇನ್‌ಸ್ಪೆಕ್ಟರ್ ಸಿಕ್ಕರೆ, ಫೇರಿ ಹೆಸರಲ್ಲಿ ಸುಳ್ಳು ಹೇಳಿದವನು ಎಲ್ಲಿ ತಪ್ಪಿದ ಅಂತ ತಟ್ಟನೆ ಗೊತ್ತಾಗುತ್ತದೆ.

"ನಾಕ್ಸ್‌ಗಿಂತ ಮುಂಚೆ ನಮ್ಮ ಡಬ್ಲಿನ್ನಿನವನೇ ಮಾಡಿದ್ದಾನೆ," ಅಂದ ಸೀನ. "ಶೆರಿಡನ್ ಲೆ ಫಾನು. 1872ರ ಪುಸ್ತಕ. ಅದರಲ್ಲಿ ಡಾಕ್ಟರ್ ಹೆಸೇಲಿಯಸ್ ಅಂತ, ದೆವ್ವದ ಕೇಸುಗಳನ್ನೆಲ್ಲ ರೋಗಿಗಳ ಫೈಲಿನ ಹಾಗೆ ಇಟ್ಟುಕೊಂಡಿರ್ತಾನೆ. ಒಂದು ಕೇಸಲ್ಲಿ ಒಬ್ಬ ಪಾದ್ರಿಗೆ ಹಗಲೂ ರಾತ್ರಿ ಕರೀ ಕೋತಿ ಕಾಣುತ್ತೆ. ಕಾರಣ ಏನು ಗೊತ್ತಾ? ಹಸಿರು ಟೀ ಜಾಸ್ತಿ ಕುಡಿದದ್ದು."

ಬಸೂ ತನ್ನ ಮುಂದಿದ್ದ ಲೋಟವನ್ನು ಮೆಲ್ಲಗೆ ದೂರ ತಳ್ಳಿದ.

"ರೋಗಿ ಉಳಿದನಾ?" ವಿನುತಕ್ಕ.

"ಇಲ್ಲ, ಕತ್ತು ಕೊಯ್ದುಕೊಂಡ. ಆದರೆ ಡಾಕ್ಟರ ವಾದ ಏನಂದ್ರೆ, ನಾನಿನ್ನೂ ಚಿಕಿತ್ಸೆ ಶುರುವೇ ಮಾಡಿರಲಿಲ್ಲ, ಅದಕ್ಕೆ ಅವನು ನನ್ನ ಲೆಕ್ಕಕ್ಕೆ ಬರಲ್ಲ."

"ದೊಡ್ಡ ಡಾಕ್ಟರೇ ಸೈ," ಅಂದರು ವಿನುತಕ್ಕ.

ಸೀನನಿಗೆ ಹುರುಪು ಬಂತು. "ವಿಚಾರಣೆ ಹ್ಯಾಗೆ ಮಾಡಬೇಕು ಅಂತಲೂ ಜಾನಪದದಲ್ಲೇ ಇದೆ. ಫೇರಿಗಳು ತೊಟ್ಟಿಲ ಮಗು ಕದ್ದು, ತಮ್ಮ ಮುದುಕನನ್ನ ಅಲ್ಲಿ ಮಲಗಿಸಿ ಹೋಗ್ತಾರೆ. ಹೊರಗೆ ಕೂಸು, ಒಳಗೆ ಮುದುಕ. ಬಾಯಿ ಬಿಡಿಸೋದು ಹೇಗೆ? ತಾಯಿ ಅವನ ಎದುರಿಗೇ ಮೊಟ್ಟೆ ಚಿಪ್ಪು ಕುದಿಸ್ತಾಳೆ. ಅದು ಎದ್ದು ಕೂತು 'ನನಗೆ 1500 ವರ್ಷ ಆಯ್ತು, ಮೊಟ್ಟೆ ಚಿಪ್ಪಲ್ಲಿ ಬಿಯರ್ ಕಾಯಿಸೋದು ಇದೇ ಮೊದಲು ನೋಡಿದ್ದು!' ಅನ್ನುತ್ತೆ. ಕಾರ್ಕಿನ ಕ್ರೋಫ್ಟನ್ ಕ್ರೋಕರ್ 1825ರಲ್ಲೇ ಅಚ್ಚು ಹಾಕಿಸಿದ ಕತೆ."

"ಬೆಸ್ಟ್! ಲಾಠಿ ಇಲ್ಲ, ಬೈಗುಳ ಇಲ್ಲ, ಸ್ವಂತ ಬಾಯಿಲೇ ಒಪ್ಪಿಗೆ. ಆದ್ರ ಒಂದ ಡೌಟ್. ತೊಟ್ಟಿಲದಾಗ ಐತಿ, ವಯಸ್ಸು 1500. ಬಾಲಾಪರಾಧಿ ಅಂತ ಕೇಸ್ ಹಾಕೂದೋ, ಹಿರಿಯ ನಾಗರಿಕ ಅಂತ ಬಿಟ್ಟು ಕಳಸೂದೋ?"

ಎಲ್ಲರೂ ನಕ್ಕೆವು. ನಾನು ಬಾಯಿ ಹಾಕಿದ್ದು ಆಗಲೇ.

"ಇದೇ ಬದಲಿಯ ಕತೆ ನಿಜಕ್ಕೂ ಕೋರ್ಟಿಗೆ ಹೋಗಿತ್ತು," ಅಂದೆ. "1895. ಟಿಪ್ಪರರಿ ಕೌಂಟಿಯ ಬಾಲಿವಾಡ್ಲಿ. ಬ್ರಿಜೆಟ್ ಕ್ಲಿಯರಿ."

ವಿನುತಕ್ಕನಿಗೆ ಹೆಸರು ಗೊತ್ತಿತ್ತು. ಒಲೆ ಸಣ್ಣ ಮಾಡಿ ಬಂದು ಕೂತರು.

ಬ್ರಿಜೆಟ್ ಇನ್ನೂ 30 ದಾಟದ ಹೆಂಗಸು. ಬಟ್ಟೆ ಹೊಲಿಯುತ್ತಿದ್ದಳು, ಸ್ವಂತ ಹೊಲಿಗೆ ಯಂತ್ರ ಇತ್ತು, ಕೋಳಿ ಸಾಕಿ ಮೊಟ್ಟೆ ಮಾರಿ ಸ್ವಂತ ಕಾಸು ಮಾಡಿಕೊಂಡಿದ್ದಳು. ಮಕ್ಕಳಿರಲಿಲ್ಲ. ಗಂಡ ಮೈಕೆಲ್ ಪೀಪಾಯಿ ಕಟ್ಟುವವನು. ಮಾರ್ಚ್ ತಿಂಗಳಲ್ಲಿ ಚಳಿಗೆ ಸಿಕ್ಕಿ ಮಲಗಿದಳು. ಡಾಕ್ಟರು ಬಂದು ಸಣ್ಣ ಬ್ರಾಂಕೈಟಿಸ್ ಅಂದರು. ಗಂಡ ಮಾತ್ರ, ಮಲಗಿರುವುದು ನನ್ನ ಹೆಂಡತಿಯೇ ಅಲ್ಲ, ಫೇರಿಗಳು ಅವಳನ್ನು ಒಯ್ದು ಇವಳನ್ನು ಬಿಟ್ಟಿದ್ದಾರೆ ಅಂತ ಹಟ ಹಿಡಿದ. ಗಿಡಮೂಲಿಕೆ ಬಲವಂತವಾಗಿ ಕುಡಿಸಿದರು, ನೀನು ಬ್ರಿಜೆಟ್ ಹೌದೋ ಅಲ್ಲವೋ ಅಂತ ದೇವರ ಹೆಸರಲ್ಲಿ ಮತ್ತೆ ಮತ್ತೆ ಕೇಳಿದರು. ಮಾರ್ಚ್ 15ರ ರಾತ್ರಿ, ಅವಳ ಅಪ್ಪ, ಸೋದರತ್ತೆ, ಆ ಅತ್ತೆಯ ಮಕ್ಕಳು ಮನೆಯಲ್ಲಿರುವಾಗಲೇ, ಮೈಕೆಲ್ ದೀಪದ ಎಣ್ಣೆ ಸುರಿದು ಸುಟ್ಟ. 22ಕ್ಕೆ ಪೊಲೀಸರಿಗೆ ಹೆಣ ಸಿಕ್ಕಿತು.

"ಆ ಮಧ್ಯದ ರಾತ್ರಿಗಳಲ್ಲಿ ಅವನು ಏನು ಮಾಡಿದ ಗೊತ್ತಾ?" ಅಂದೆ. "ಹತ್ತಿರದ ಕೈಲ್ನಗ್ರಾನಾ ಗುಡ್ಡದ ಫೇರಿ ಕೋಟೆಗೆ, ಅಂದರೆ ಫೇರಿಗಳ ಮನೆ ಅಂತ ಜನ ನಂಬುವ ಹಳೇ ಮಣ್ಣಿನ ದಿಬ್ಬಕ್ಕೆ, ಹೋಗಿ ಕಾದ. ನಿಜವಾದ ಬ್ರಿಜೆಟ್ ಬಿಳಿ ಕುದುರೆ ಮೇಲೆ ಬರ್ತಾಳೆ, ಕಪ್ಪು ಹಿಡಿಯ ಚಾಕುವಿನಿಂದ ಕಟ್ಟು ಕತ್ತರಿಸಿ ಬಿಡಿಸಿಕೊಳ್ಳಬೇಕು ಅಂತ. ಈಗ ಹೇಳಿ. ನಂಬಿ ಕಾದನೋ, ನಾಳೆ ಕೋರ್ಟಲ್ಲಿ ಬೇಕಾಗುತ್ತೆ ಅಂತ ಕಾದನೋ?"

ಬಸೂ ತಮಾಷೆ ಬಿಟ್ಟು ಯೋಚಿಸಿದ. "ಶಿಕ್ಷೆ?"

"ಕೊಲೆ ಅಲ್ಲ, ನರಹತ್ಯೆ. 20 ವರ್ಷ. 15 ವರ್ಷ ಜೈಲಲ್ಲಿದ್ದು 1910ರಲ್ಲಿ ಹೊರಬಂದ."

"ನನ್ನ ಹೆಂಡ್ತೀನ್ನ ನಾ ಕೊಂದಿಲ್ಲ, ಆಕಿ ನನ್ನ ಹೆಂಡ್ತೀನ ಅಲ್ಲ," ಬಸೂ ನಿಧಾನಕ್ಕೆ ಅಂದ. "ಇಂಥಾ ಡಿಫೆನ್ಸ್ ಕಾಲೇಜಿನ್ಯಾಗ ಯಾರೂ ಕಲಿಸಲಿಲ್ಲ."

"ಮನೇಲಿದ್ದವರಿಗೆ ಕಬ್ಬಿಣ, ಮೂಲಿಕೆ, ಮಂತ್ರ ಎಲ್ಲ ನೆನಪಿತ್ತು," ಅಂದರು ವಿನುತಕ್ಕ. "ಡಾಕ್ಟರು ಹೇಳಿದ್ದು ಒಬ್ಬರಿಗೂ ನೆನಪಿರಲಿಲ್ಲ. ನಿನ್ನ ಕತೆಯಲ್ಲಿ ಆ ಹೊಲಿಗೆ ಯಂತ್ರ ಇರಲಿ ಸೀನ. ಇನ್‌ಸ್ಪೆಕ್ಟರ್ ಮೊದಲು ಅದನ್ನು ನೋಡಲಿ, ಕೋಟೆ ಆಮೇಲೆ."

ಸೀನ ಅದನ್ನು ಟೈಪ್ ಮಾಡಲಿಲ್ಲ. ನೆನಪಿಟ್ಟುಕೊಂಡ ಅಂತ ಕಾಣುತ್ತೆ.

ಸ್ವಲ್ಪ ಹೊತ್ತಾದ ಮೇಲೆ ಅವನೇ ಮಾತು ಎತ್ತಿದ. "ಹಾಗಾದ್ರೆ ಫೇರಿ ಅಪರಾಧಿಯಾಗೋ ಕೇಸೇ ಇಲ್ವಾ?"

"ಐತಲ್ಲ," ಅಂದ ಬಸೂ. "2017ರಾಗ ಕೆರ್ರಿ ಕಡೆಯ ಒಬ್ಬ ಸಂಸದ ಎನ್22 ರಸ್ತೆ ಮತ್ತ ಮತ್ತ ಕುಸಿಯೂದಕ್ಕ ಫೇರಿಗಳೇ ಕಾರಣ ಇರಬಹುದು ಅಂದಿದ್ದ. ರಸ್ತೆ ಕುಸಿದ್ರ ನಮ್ಮ ಕಡೆ ಕಂಟ್ರಾಕ್ಟರ್‌ನ ಬೈತಾರ. ಇಲ್ಲಿ ಕಂಟ್ರಾಕ್ಟರ್ ಎಷ್ಟು ಪುಣ್ಯವಂತ ನೋಡು."

"ಕ್ಲೇರಿನ ಲಟೂನ್ ಮುಳ್ಳುಗಿಡ ಮರೆತ್ರಾ?" ಅಂದೆ. 1999ರಲ್ಲಿ ಹೊಸ ಹೆದ್ದಾರಿಗೆ ಒಂದು ಹಾಥಾರ್ನ್ ಗಿಡ ಅಡ್ಡ ಬಂತು. ಕತೆ ಹೇಳುವ ಎಡ್ಡಿ ಲೆನಿಹನ್ ಎದ್ದು ನಿಂತ: ಇದು ದಕ್ಷಿಣದ ಮನ್‌ಸ್ಟರ್ ಪ್ರಾಂತದ ಫೇರಿಗಳು ಪಶ್ಚಿಮದ ಕನಾಕ್ಟ್ ಪ್ರಾಂತದ ಫೇರಿಗಳ ಮೇಲೆ ಯುದ್ಧಕ್ಕೆ ಹೊರಡುವ ಮುಂಚೆ ಸೇರುವ ಜಾಗ, ಕಡಿದರೆ ರಸ್ತೆಯಲ್ಲಿ ಸಾವು ತಪ್ಪದು. ಪತ್ರಿಕೆಗಳಲ್ಲಿ ಗದ್ದಲವಾಗಿ ಗಿಡ ಉಳಿಯಿತು.

"ನಮ್ಮಲ್ಲಿ ನಾಗಬನ ಬಂದ್ರೆ ರಸ್ತೆ ಸೊಂಟ ತಿರುಗಿಸುವುದಿಲ್ವಾ, ಹಾಗೇ," ಅಂದರು ವಿನುತಕ್ಕ.

"ಆದ್ರೆ 2002ರಲ್ಲಿ ಯಾರೋ ರಾತ್ರೋರಾತ್ರಿ ಗರಗಸ ತಂದು ಕೊಂಬೆ ಎಲ್ಲ ಕತ್ತರಿಸಿ ಹೋದರು. ಬೋಳು ಕಾಂಡ ಮಾತ್ರ. ಮತ್ತೆ ಚಿಗುರಿತು," ಅಂದೆ.

ಸೀನನ ಕಣ್ಣು ಅರಳಿತು. "ಸಿಕ್ಕಿತು! ಗಿಡ ಕಡಿದವನು ಮಾರನೇ ವಾರ ಸಾಯ್ತಾನೆ. ಊರೆಲ್ಲ ಫೇರಿ ಶಾಪ ಅನ್ನುತ್ತೆ. ಇನ್‌ಸ್ಪೆಕ್ಟರ್ ಮಾತ್ರ, ಗರಗಸ ಕೊಟ್ಟವರು ಯಾರು, ಗಿಡ ಹೋದರೆ ಪಕ್ಕದ ಜಮೀನಿನ ಬೆಲೆ ಎಷ್ಟಾಗುತ್ತೆ ಅಂತ ಕೇಳ್ತಾ ಹೋಗ್ತಾನೆ. ಬಸೂ, ಮುಂದಿನ ವಾರ ಕಾರು ತೆಗಿ. ಜಾಗ ನೋಡಬೇಕು, ಗಿಡ ಮುಟ್ಟಿ ನೋಡಬೇಕು."

"ಕಾರು ತರ್ತೀನಪಾ, ಅದಕ್ಕೇನು," ಅಂದ ಬಸೂ. "ಡೀಸೆಲ್ ನಿಂದು. ಮುಟ್ಟೋನೂ ನೀನ. ಹೊರಡೂಕಿಂತ ಮೊದಲ 'ಆಗೂದಕ್ಕೆಲ್ಲಾ ನಾನ ಜವಾಬ್ದಾರ' ಅಂತ ಬರೆದು ಸಹಿ ಮಾಡಿ ಕೊಡು. ವಿನುತಕ್ಕ ಸಾಕ್ಷಿ."

"ನಾನೆಂತಕ್ಕೆ ಸಾಕ್ಷಿ?" ಅಂದರು ವಿನುತಕ್ಕ. "ನಂಗೆ ಆ ದಿನ ಡ್ಯೂಟಿ ಉಂಟು."