ಗ್ರಾಫಿಕ್ಸ್ ಕಾರ್ಡ್ 84 ಡಿಗ್ರಿ, ಫ್ಯಾನ್ ಸದ್ದು ಪಕ್ಕದ ಕೋಣೆಗೂ

ಪ್ರಶ್ನೆ:
ನಾನಿರುವುದು ಕಲಬುರಗಿಯಲ್ಲಿ. ಮೇ ತಿಂಗಳು, ರಾತ್ರಿ ಹತ್ತಕ್ಕೂ ರೂಮು ಕಾದಿರುತ್ತದೆ. ಎಸಿ ಇಲ್ಲ. ನನ್ನ ಕಂಪ್ಯೂಟರಿನಲ್ಲಿರುವುದು 220 ವಾಟಿನ ಗ್ರಾಫಿಕ್ಸ್ ಕಾರ್ಡ್, ಮೂರು ವರ್ಷ ಹಳೆಯದು. ಆಟ ಶುರುವಾದ ಹತ್ತೇ ನಿಮಿಷಕ್ಕೆ 84 ಡಿಗ್ರಿ. ಪಕ್ಕದ ಕೋಣೆಯಲ್ಲಿ ಅಜ್ಜಿ ಮಲಗುತ್ತಾರೆ. ಫ್ಯಾನ್ ಸದ್ದಿಗೆ ಅವರಿಗೆ ಎಚ್ಚರವಾಗುತ್ತದೆ. ಏನು ಮಾಡಲಿ?

ಉತ್ತರ 1:
ಮೊದಲು ಧೂಳು ತೆಗೆಯಿರಿ. ಪ್ಲಗ್ ಕಿತ್ತು ಬ್ಲೋವರ್ ಹಿಡಿಯಿರಿ, ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಲ್ಲಿ ಒತ್ತಿಕೊಳ್ಳಿ. ಕ್ಯಾಬಿನೆಟ್ ಗೋಡೆಗೆ ಅಂಟಿಕೊಂಡಿದ್ದರೆ ಒಂದು ಗೇಣು ಮುಂದೆ ಎಳೆಯಿರಿ.

ಉತ್ತರ 2:
ಧೂಳು ತೆಗೆದ ಮೇಲೆ ಅಂಡರ್‌ವೋಲ್ಟ್ ಮಾಡಿ, ಅಂದರೆ ಕಾರ್ಡಿನ ಚಿಪ್‌ಗೆ ಹೋಗುವ ವೋಲ್ಟೇಜ್ ಇಳಿಸಿ. ಬಳ್ಳಾರಿಯ ಬಿಸಿಲಲ್ಲಿ ನನ್ನನ್ನು ಉಳಿಸಿದ್ದು ಅದೇ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ತೆರೆದು ಕಂಟ್ರೋಲ್ ಮತ್ತು ಎಫ್ ಒತ್ತಿದರೆ, ಯಾವ ವೋಲ್ಟೇಜಿಗೆ ಚಿಪ್ ಎಷ್ಟು ವೇಗ ಎಂದು ತೋರಿಸುವ ಗೆರೆ ಕಾಣುತ್ತದೆ. ನಾನು 0.9 ವೋಲ್ಟಿಗೆ 1800 ಮೆಗಾಹರ್ಟ್ಜ್ ಕೊಟ್ಟು, ಅಲ್ಲಿಂದ ಮುಂದೆ ಗೆರೆಯನ್ನು ಸಮ ಮಾಡಿದ್ದೇನೆ. ವೋಲ್ಟೇಜ್ ಸ್ವಲ್ಪ ಇಳಿದರೂ ಶಾಖ ಜಾಸ್ತಿ ಇಳಿಯುತ್ತದೆ. ಆದರೆ ಒಂದೊಂದು ಚಿಪ್ ಒಂದೊಂದು ಥರ. ಆಟ ಕ್ರ್ಯಾಶ್ ಆದರೆ 15 ಮೆಗಾಹರ್ಟ್ಜ್‌ನಷ್ಟು ಇಳಿಸುತ್ತಾ ಹೋಗಿ. ನಿಮ್ಮ ಮಾನಿಟರ್ 60 ಹರ್ಟ್ಜ್ ಆಗಿದ್ದರೆ ಫ್ರೇಮ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳನ್ನು, ಕೂಡ 60ಕ್ಕೇ ಕಟ್ಟಿಹಾಕಿ. ಕಾಣದ ಫ್ರೇಮ್‌ಗೆ ಸುಮ್ನೆ ಯಾಕೆ ಕರೆಂಟು, ಅಲ್ವಾ?

ಉತ್ತರ 3:
ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಎಂದು ಹೇಳುವ ಫ್ಯಾನ್ ಗೆರೆಯನ್ನೂ ಮೆಲ್ಲಗೆ ಏರುವಂತೆ ಎಳೆಯಿರಿ. ಒಂದೇ ಸಮ ಬರುವ ಸದ್ದಿಗೆ ಕಿವಿ ಒಗ್ಗುತ್ತದೆ, ಏರಿಳಿತಕ್ಕೆ ನಿದ್ದೆ ಹಾರುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲ ಮಾಡಿದೆ. ಮುಷ್ಟಿಯಷ್ಟು ಧೂಳು ಬಂತು! 0.9 ವೋಲ್ಟಿಗೆ 1785 ಮೆಗಾಹರ್ಟ್ಜ್‌ನಲ್ಲಿ ಕ್ರ್ಯಾಶ್ ಆಗದೆ ಓಡಿತು. ಈಗ 71 ಡಿಗ್ರಿ. ನಿನ್ನೆ ಹನ್ನೊಂದರವರೆಗೆ ಆಡಿದೆ, ಅಜ್ಜಿಗೆ ಎಚ್ಚರವೇ ಆಗಲಿಲ್ಲ. ತುಂಬಾ ಥ್ಯಾಂಕ್ಸ್.