ಸಿ3 ಹೆಚ್ಚು ಬರುತ್ತಿರುವ ನವಜಾತ ಶಿಶುಗಳು: ಕಟ್‌ಆಫ್ ಏರಿಸಬಹುದೇ?

ಸ್ಕ್ರೀನಿಂಗ್ ಡೆಸ್ಕ್:
ಎಲ್ಲರಿಗೂ ನಮಸ್ಕಾರ. ನವಜಾತ ಶಿಶುಗಳ ಹಿಮ್ಮಡಿ ರಕ್ತದ ಕಾರ್ಡ್‌ಗಳನ್ನು ಟ್ಯಾಂಡೆಮ್ ಮಾಸ್‌ನಲ್ಲಿ (ರಕ್ತದ ಹಲವು ರಾಸಾಯನಿಕಗಳನ್ನು ಒಮ್ಮೆಗೇ ಅಳೆಯುವ ಯಂತ್ರ) ಹುಟ್ಟಿನಿಂದ ಬರುವ ಮೆಟಬಾಲಿಕ್ (ಚಯಾಪಚಯ) ದೋಷಗಳಿಗಾಗಿ ಪರೀಕ್ಷಿಸುವ ಅಧ್ಯಯನ ನಡೆಯುತ್ತಿದೆ. ಸಿ3, ಅಂದರೆ ಪ್ರೊಪಿಯೊನಿಲ್‌ಕಾರ್ನಿಟಿನ್, ಜಾಸ್ತಿ ಎಂದು ವಾಪಸ್ ಕರೆಸಿದ ಮಕ್ಕಳಲ್ಲಿ ಬಹುಪಾಲು ಚೆನ್ನಾಗಿಯೇ ಇವೆ. ತಂದೆತಾಯಿ ಮಾತ್ರ ಕಂಗಾಲಾಗಿ ಬರುತ್ತಾರೆ. ನಮ್ಮದೇ ಮಕ್ಕಳ 99.5ನೇ ಪರ್ಸೆಂಟೈಲ್ (ಸಾವಿರಕ್ಕೆ ಐದು ಮಕ್ಕಳು ಮಾತ್ರ ಮೀರುವ ಮಟ್ಟ) ಹಿಡಿದು ಕಟ್‌ಆಫ್, ಅಂದರೆ ವಾಪಸ್ ಕರೆಸುವ ಗೆರೆ, ಏರಿಸಿದರೆ ತಪ್ಪೇ? ಇನ್ನೊಂದು: ಮಳೆ ಹಿಡಿದ ಮೇಲೆ ಅದೇ ಕಾರ್ಡಿನಲ್ಲಿ ಅಳೆಯುವ ಜಿ6ಪಿಡಿ, ಬಯೋಟಿನಿಡೇಸ್ ಕಿಣ್ವಗಳೆರಡೂ ಕಡಿಮೆ ಬರುತ್ತಿವೆ. ಕಾರ್ಡಿನದೇ ತೊಂದರೆಯೇ?

ಮಾಸ್‌ಸ್ಪೆಕ್ ಬೆಂಚ್:
ದಯವಿಟ್ಟು ಏರಿಸಬೇಡಿ. ಸಿ3ಗೆ ಮೂಲವಾದ ಪ್ರೊಪಿಯೊನಿಲ್‌ಕೋಎ ಮುಂದಕ್ಕೆ ಸಾಗಲು ಬೇಕಾದ ಮ್ಯೂಟೇಸ್ ಕಿಣ್ವಕ್ಕೆ ಬಿ12 ಬೇಕು. ತಾಯಿಗೆ ಬಿ12 ಕಡಿಮೆಯಿದ್ದರೆ ಮಗು ಹುಟ್ಟುವಾಗಲೇ ಅದರ ದಾಸ್ತಾನು ಕಡಿಮೆ, ಹಾಗಾಗಿ ಸಿ3 ಏರುತ್ತದೆ. ಸಸ್ಯಾಹಾರಿ ತಾಯಂದಿರು ಹೆಚ್ಚಿರುವ ಕಡೆ ಇಂಥ ಮಕ್ಕಳೂ ನಿಮ್ಮ ಪರ್ಸೆಂಟೈಲ್ ಲೆಕ್ಕದೊಳಗೆ ಸೇರಿಬಿಡುತ್ತಾರೆ, ಗೆರೆ ತಾನಾಗಿ ಮೇಲೆ ಹೋಗುತ್ತದೆ. ಆಗ ತಪ್ಪಿಹೋಗುವುದು ಕೊಬಾಲಮಿನ್ ಸಿ ದೋಷದ (ದೇಹ ಬಿ12 ಅನ್ನು ಬಳಸಿಕೊಳ್ಳಲಾಗದ ಆನುವಂಶಿಕ ಕಾಯಿಲೆ) ಮಗು, ಅದರಲ್ಲಿ ಸಿ3 ಕೆಲವೊಮ್ಮೆ ಸ್ವಲ್ಪವೇ ಏರಿರುತ್ತದೆ.

ಕಟ್‌ಆಫ್ ಹಾಗೇ ಇರಲಿ. ಸಿ3/ಸಿ2 ಅನುಪಾತವನ್ನೂ (ಸಿ2 ಅಂದರೆ ಅಸಿಟೈಲ್‌ಕಾರ್ನಿಟಿನ್) ಮೆಥಿಯೊನಿನ್ ಎಂಬ ಅಮೈನೋ ಆಮ್ಲವನ್ನೂ ಜೊತೆಗೆ ನೋಡಿ. ಸಿ3 ಹೆಚ್ಚಿ ಮೆಥಿಯೊನಿನ್ ಕಡಿಮೆಯಿದ್ದರೆ ಆ ಕಾರ್ಡ್ ಮೊದಲು ಕೈಗೆತ್ತಿಕೊಳ್ಳಿ. ಬಳಿಕ ಎರಡನೇ ಹಂತದಲ್ಲಿ ಅದೇ ಕಾರ್ಡಿನಿಂದ ಇನ್ನೊಂದು 3.2 ಮಿ.ಮೀ. ಚುಕ್ಕೆ ಪಂಚ್ ಮಾಡಿ ಮೆಥಿಲ್‌ಮಲೋನಿಕ್ ಆಮ್ಲ, ಮೆಥಿಲ್‌ಸಿಟ್ರಿಕ್ ಆಮ್ಲ, ಹೋಮೊಸಿಸ್ಟೀನ್ ಅಳೆಯಿರಿ. ಸಿ3 ಏರಿಸುವ ಇನ್ನೊಂದು ಆನುವಂಶಿಕ ಕಾಯಿಲೆಯಾದ ಪ್ರೊಪಿಯೊನಿಕ್ ಅಸಿಡೀಮಿಯಾದಲ್ಲಿ ಮೆಥಿಲ್‌ಸಿಟ್ರಿಕ್ ಎದ್ದು ಕಾಣುತ್ತದೆ, ಮೆಥಿಲ್‌ಮಲೋನಿಕ್ ಏರುವುದಿಲ್ಲ. ಹೀಗೆ ಮಾಡಿದರೆ ತಂದೆತಾಯಿಯನ್ನು ಸುಮ್ಮನೆ ಕರೆಸಿ ಹೆದರಿಸುವುದು ತಪ್ಪುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಅಪ್ಪಾಜಿ ರಾವ್ ಅವರ ತಂಡ 1980ರ ದಶಕದಲ್ಲೇ ಕರ್ನಾಟಕದ ಲಕ್ಷಕ್ಕೂ ಹೆಚ್ಚು ಶಿಶುಗಳಲ್ಲಿ ಅಮೈನೋ ಆಮ್ಲದ ದೋಷಗಳನ್ನು ಹುಡುಕಿತ್ತು. ಅವರು ರಕ್ತಸಂಬಂಧದ ಮದುವೆಗಳನ್ನೂ ದಾಖಲಿಸಿದ್ದರು. ನಿಮ್ಮ ಫಾರಂನಲ್ಲೂ ಸೋದರಮಾವ, ಅತ್ತೆಮಗ, ಮಾವನ ಮಗಳು ಎಂದು ಬಿಡಿಬಿಡಿಯಾಗಿ ಕೇಳಿ. ಬರೇ ‘ಸಂಬಂಧದಲ್ಲಿ ಮದುವೆ: ಹೌದು’ ಎಂದು ಬರೆದರೆ ಲೆಕ್ಕಕ್ಕೆ ಬರುವುದಿಲ್ಲ.

ಹೆರಿಗೆ ವಾರ್ಡ್ ಸಿಸ್ಟರ್:
ಕಾರ್ಡಿನ ಪ್ರಶ್ನೆಗೆ: ಒಂದೇ ಆಸ್ಪತ್ರೆಯ ಬಹುತೇಕ ಕಾರ್ಡ್‌ಗಳಲ್ಲಿ ಎರಡು ಕಿಣ್ವಗಳೂ ಒಟ್ಟಿಗೆ ಇಳಿದಿದ್ದರೆ ತೇವ, ಬಿಸಿಯ ಮೇಲೆಯೇ ಅನುಮಾನ. ಕಿಣ್ವ ಬೇಗ ಹಾಳಾಗುತ್ತದೆ, ಅಮೈನೋ ಆಮ್ಲಗಳು ಅಷ್ಟು ಬೇಗ ಹಾಳಾಗುವುದಿಲ್ಲ. ಕಾರ್ಡನ್ನು ಅಡ್ಡಲಾಗಿ, ಎರಡೂ ಬದಿಗೆ ಗಾಳಿ ಆಡುವಂತೆ ಕನಿಷ್ಠ 3 ಗಂಟೆ ಒಣಗಿಸಬೇಕು. ಬಿಸಿಲು, ಹೀಟರ್ ಬೇಡ. ಹಸಿಯಿರುವಾಗಲೇ ಜಿಪ್ ಕವರಿಗೆ ಹಾಕುವುದೇ ದೊಡ್ಡ ತಪ್ಪು. ಒಣಗಿದ ಮೇಲೆ ಸಿಲಿಕಾ ಪೊಟ್ಟಣವನ್ನೂ ತೇವ ತೋರಿಸುವ ಚೀಟಿಯನ್ನೂ ಇಟ್ಟು ಮಾರನೆಯ ದಿನದೊಳಗೆ ಕೊರಿಯರ್‌ಗೆ ಕೊಡಿ.

ಸ್ಪಿರಿಟ್ ಪೂರ್ತಿ ಆರಿದ ಮೇಲೆಯೇ ಹಿಮ್ಮಡಿಯ ಪಕ್ಕದಲ್ಲಿ 2 ಮಿ.ಮೀ. ಮೀರದಂತೆ ಚುಚ್ಚಿ, ಮೊದಲ ಹನಿ ಒಣ ಗಾಜಿನಿಂದ ಒರೆಸಿ. ಇಲ್ಲಿ ಗಾಜ್ ಅಂದರೆ ಬಟ್ಟೆ! ಆಮೇಲೆ ಒಂದು ವೃತ್ತಕ್ಕೆ ಒಂದೇ ದೊಡ್ಡ ಹನಿ, ಕಾಗದದ ಹಿಂಬದಿಗೂ ಇಳಿಯಬೇಕು. ಹನಿ ಮೇಲೆ ಹನಿ ಹಾಕಿದರೆ ಮೌಲ್ಯ ಸುಳ್ಳಾಗಿ ಏರುತ್ತದೆ. ಹಿಮ್ಮಡಿ ಹಿಂಡಿದರೆ ಅಂಗಾಂಶದ ನೀರು ಸೇರಿ ತೆಳುವಾಗುತ್ತದೆ, ಚುಕ್ಕೆಯ ಅಂಚಿಗೆ ತಿಳಿ ಉಂಗುರ ಬರುತ್ತದೆ.

ಸ್ಕ್ರೀನಿಂಗ್ ಡೆಸ್ಕ್:
ಧನ್ಯವಾದ ಸಿಸ್ಟರ್. ಎರಡನೇ ಹಂತದ ವರದಿಗೆ ಕೆಲವು ದಿನ ಬೇಕು. ಅಲ್ಲಿಯವರೆಗೆ ಕಾಯಬಹುದೇ?

ಮಕ್ಕಳ ಮೆಟಬಾಲಿಕ್:
ಅದೇ ದಿನ ಫೋನ್ ಮಾಡಿ ಮಗು ಹಾಲು ಕುಡಿಯುವುದು ಕಡಿಮೆಯಾಗಿದೆಯೇ, ವಾಂತಿಯಿದೆಯೇ, ಮಂಕಾಗಿದೆಯೇ, ಉಸಿರು ಜೋರಾಗಿದೆಯೇ ಎಂದು ಕೇಳಿ. ಒಂದಕ್ಕಾದರೂ ‘ಹೌದು’ ಬಂದರೆ ಕಾಯುವಂತಿಲ್ಲ. ಕೂಡಲೇ ದಾಖಲಿಸಿ ರಕ್ತ ಅನಿಲ, ಸಕ್ಕರೆ, ಅಮೋನಿಯಾ ನೋಡಿ. ಅಮೋನಿಯಾ ಮಾದರಿ ಐಸ್‌ನಲ್ಲಿ ಹೋಗಬೇಕು, ತಡವಾದರೆ ಸುಳ್ಳಾಗಿ ಏರುತ್ತದೆ. ಪ್ರೊಟೀನ್ ತಾತ್ಕಾಲಿಕವಾಗಿ ನಿಲ್ಲಿಸಿ ಗ್ಲೂಕೋಸ್ ಡ್ರಿಪ್ ಶುರು ಮಾಡಿ, ಮೆಟಬಾಲಿಕ್ ಕೇಂದ್ರಕ್ಕೆ ಮಾತಾಡಿ.

ಮಗು ಚುರುಕಾಗಿದ್ದರೆ ತಾಯಿ, ಮಗು ಇಬ್ಬರದೂ ಬಿ12, ಹೋಮೊಸಿಸ್ಟೀನ್, ಮಗುವಿನ ಮೂತ್ರದ ಆರ್ಗ್ಯಾನಿಕ್ ಆಮ್ಲಕ್ಕೆ ಮಾದರಿ ತೆಗೆದುಕೊಳ್ಳಿ. ಬಿ12 ಇಂಜೆಕ್ಷನ್ ಅದಾದ ಮೇಲೆ. ಮೊದಲೇ ಕೊಟ್ಟರೆ ಕಾರಣ ಹುಡುಕುವುದು ಕಷ್ಟ. ತಾಯಿಯ ಹಿಮೋಗ್ಲೋಬಿನ್ ಸರಿಯಿದೆ ಎಂದು ಬಿ12 ಕೊರತೆ ಇಲ್ಲವೆನ್ನಬೇಡಿ, ಗರ್ಭಿಣಿಗೆ ಕೊಡುವ ಫೋಲಿಕ್ ಆಮ್ಲ ಬಿ12 ಕೊರತೆಯ ರಕ್ತಹೀನತೆಯನ್ನು ಮುಚ್ಚಿಡಬಲ್ಲದು. ಕೊರತೆ ಖಚಿತವಾದರೆ ತಾಯಿಗೂ ಚಿಕಿತ್ಸೆ ಆಗಲೇಬೇಕು. ಇಲ್ಲವಾದರೆ ಎದೆಹಾಲಿನಲ್ಲಿ ಬಿ12 ಸಾಲದೆ, ಹುಟ್ಟಿದಾಗ ಚೆನ್ನಾಗಿದ್ದ ಮಗುವೇ ಕೆಲವು ತಿಂಗಳ ಬಳಿಕ ನಗು ಕಳೆದುಕೊಂಡು, ಕೈಕಾಲು ನಡುಗುತ್ತಾ ಬರಬಹುದು.